ಎಸ್‌ಎಸ್‌ಡಿ ಹಾಕಿದ್ದೇವೆ ಅಂದರು, ಒಳಗೆ ಇರುವುದು ನನ್ನ ಹಳೇ ಡಿಸ್ಕೇ!

ಕಲಬುರಗಿಯಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಕೊಡುವವರು ದಯವಿಟ್ಟು ಇದನ್ನು ಓದಿ. ಮೂರು ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ, ಅಷ್ಟು ಸಿಟ್ಟು ಬಂದಿದೆ.

ನಾನು ಶಾಲಾ ಶಿಕ್ಷಕಿ. ಲ್ಯಾಪ್‌ಟಾಪ್ 2018ರದ್ದು. ಬಟನ್ ಒತ್ತಿದರೆ ಆನ್ ಆಗಲು ಐದು ನಿಮಿಷ. ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಮಕ್ಕಳ ಮಾಹಿತಿ ತುಂಬಲು ಕೂತರೆ ಸಾಕುಸಾಕಾಗುತ್ತಿತ್ತು. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಒಯ್ದೆ. "ಎಸ್‌ಎಸ್‌ಡಿ ಹಾಕಿಸ್ರಿ ಮೇಡಂ, ಕಣ್ಣ್ ಮುಚ್ಚಿ ತೆಗ್ಯೂದ್ರಾಗ ಆನ್ ಆಗ್ತದ" ಅಂದರು. ಎಸ್‌ಎಸ್‌ಡಿ ಅಂದರೆ ಹಳೇ ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ವೇಗದ ಡಿಸ್ಕ್. 256 ಜಿಬಿಯದು, ಎಲ್ಲಾ ಸೇರಿ 3,800 ರೂಪಾಯಿ. ಕೊಟ್ಟೆ.

ಮರುದಿನ ಮನೆಗೆ ತಂದರೆ ನಿಜವಾಗಿಯೂ ಬೇಗ ಆನ್ ಆಯಿತು. ಸಿ ಡ್ರೈವ್ 238 ಜಿಬಿ ತೋರಿಸುತ್ತಿತ್ತು. 256 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 238 ಅಂತಲೇ ಕಾಣುತ್ತದೆ, ಅದು ನನಗೂ ಗೊತ್ತಿತ್ತು. ಅದನ್ನು ನೋಡಿಯೇ ನಂಬಿದ್ದು.

ಹದಿನೈದು ದಿನಕ್ಕೆ ಮತ್ತೆ ಅದೇ ಹಾಡು. ಸೇಡಂನಿಂದ ಅಕ್ಕನ ಮಗ ಬಂದಿದ್ದ. "ಕಿವಿ ಇಟ್ಟು ಕೇಳು ಚಿಕ್ಕಮ್ಮ" ಅಂದ. ಕೀಬೋರ್ಡ್ ಪಕ್ಕ ಕಿವಿ ಇಟ್ಟೆ. ಕರ್ರ್ ಕರ್ರ್ ಅಂತ ಸಣ್ಣ ಸದ್ದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸದ್ದು ಎಲ್ಲಿಂದ ಬರಬೇಕು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದ. ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ 0, ಅದರ ಕೆಳಗೆ ಎಚ್‌ಡಿಡಿ. ಅಂದರೆ ತಿರುಗುವ ಹಾರ್ಡ್ ಡಿಸ್ಕ್. ಕೆಪಾಸಿಟಿ 932 ಜಿಬಿ. ನನ್ನ ಹಳೇ ಒಂದು ಟಿಬಿ ಡಿಸ್ಕು! ನಾನು ನೋಡಲಿ ಅಂತಲೇ ಸಿ ಡ್ರೈವನ್ನು ಸರಿಯಾಗಿ 238ಕ್ಕೆ ಕತ್ತರಿಸಿದ್ದಾರೆ. ವಿಂಡೋಸ್ ಹೊಸದಾಗಿ ಹಾಕಿ, ಸ್ಟಾರ್ಟಪ್ ಪಟ್ಟಿಯಲ್ಲಿ, ಅಂದರೆ ಲ್ಯಾಪ್‌ಟಾಪ್ ಆನ್ ಆದಾಗ ತಾವೇ ಶುರುವಾಗುವ ಪ್ರೋಗ್ರಾಂಗಳಲ್ಲಿ, ಇದ್ದಬದ್ದದ್ದನ್ನೆಲ್ಲ ಆಫ್ ಮಾಡಿದ್ದಾರೆ, ಅಷ್ಟೇ. ಹುಡುಗನ ಮುಂದೆ ನನಗೆ ನಾಚಿಕೆಯಾಯಿತು.

ಅಂಗಡಿಗೆ ಹೋಗಿ ಕೇಳಿದರೆ ಏನಂದರು ಗೊತ್ತಾ? "ಸ್ಪೀಡ್ ಆಗಿತ್ತಲ್ರೀ, ಮತ್ತೇನ್ ಬೇಕ್ರೀ ನಿಮಗ?" ಹಾಕಿದ ಹೊಸ ಡಿಸ್ಕ್ ಎಲ್ಲಿ ಅಂದೆ. "ನೀವೇ ಬ್ಯಾರೆ ಕಡೆ ಬಿಚ್ಚಿಸಿರಬೇಕ್ರಿ." ನಾನು ಬಿಚ್ಚಿಸಿದೆನಂತೆ! ಬಿಲ್ ತೋರಿಸಿ ಅಂದರು. ಅವರು ಕೊಟ್ಟ ಚೀಟಿಯಲ್ಲಿ "ಲ್ಯಾಪ್‌ಟಾಪ್ ಸರ್ವಿಸ್ 3,800" ಅಂತ ಮಾತ್ರ ಇದೆ. ಎಸ್‌ಎಸ್‌ಡಿ ಅನ್ನುವ ಪದವೇ ಇಲ್ಲ. ಆಗಲೇ ಗೊತ್ತಾಗಿದ್ದು, ಇದೆಲ್ಲ ಮೊದಲೇ ಲೆಕ್ಕ ಹಾಕಿ ಮಾಡಿದ್ದು ಅಂತ.

ಸ್ಟಾರ್ಟಪ್ ಆಫ್ ಮಾಡುವುದನ್ನು ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಮನೆಯಲ್ಲೇ ಮಾಡಬಹುದು, ಒಂದು ಪೈಸೆ ಖರ್ಚಿಲ್ಲ. ಎಸ್‌ಎಸ್‌ಡಿ ಹಾಕಿಸುವುದಾದರೆ ನಿಮ್ಮ ಕಣ್ಣೆದುರೇ ಬಿಚ್ಚಿ ಹಾಕಲಿ. ಹಳೇ ಡಿಸ್ಕನ್ನು ಕೈಯಲ್ಲಿ ಇಸಿದುಕೊಳ್ಳಿ. ಬಿಲ್ಲಿನಲ್ಲಿ ಕಂಪನಿ ಹೆಸರು, ಸೀರಿಯಲ್ ನಂಬರ್ ಬರೆಸಿ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡದೆ ದುಡ್ಡು ಕೊಡಬೇಡಿ, ಕೊಡಲೇಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆ ಚೀಟಿಯನ್ನೂ, 932 ಅಂತ ಕಾಣುವ ಫೋಟೋವನ್ನೂ ಜೋಪಾನವಾಗಿ ಇಟ್ಟಿದ್ದೇನೆ. ನನ್ನ ದುಡ್ಡು ವಾಪಸ್ ಬರುವವರೆಗೆ ಬಿಡುವುದಿಲ್ಲ.