ನೊರೆ ಬಿಟ್ಟು ಮೂರು ವರ್ಷ: ಎಸ್‌ಎಲ್‌ಎಸ್ ಇಲ್ಲದ ಪೇಸ್ಟ್ ಬಳಸಿದ ಅನುಭವ

ಮೊದಲು ಬದಲಾಯಿಸಿದ್ದು ಯಾಕೆ ಅಂತ ಹೇಳಿಬಿಡುತ್ತೇನೆ. ತಿಂಗಳಿಗೆ ಒಂದಾದರೂ ಬಾಯಿಹುಣ್ಣು ಏಳುತ್ತಿತ್ತು, ಒಮ್ಮೆ ತುಟಿಯ ಒಳಗೆ, ಇನ್ನೊಮ್ಮೆ ನಾಲಗೆಯ ಅಂಚಿನಲ್ಲಿ, ಖಾರ ತಾಗಿದರೆ ಕಣ್ಣಲ್ಲಿ ನೀರು. ವಿಟಮಿನ್ ಕಡಿಮೆ ಅಂದರು, ನಿದ್ದೆ ಕಡಿಮೆ ಅಂದರು. ದಂತವೈದ್ಯರು ಮಾತ್ರ ಪೇಸ್ಟ್ ಯಾವುದು ಅಂತ ಕೇಳಿದರು.

ಎಸ್‌ಎಲ್‌ಎಸ್ ಅಂದರೆ ಸೋಡಿಯಂ ಲಾರಿಲ್ ಸಲ್ಫೇಟ್. ನೊರೆ ಬರಿಸುವ ವಸ್ತು, ಶಾಂಪೂಗಳಲ್ಲೂ ಇರುತ್ತದೆ. ವಿಷವೇನಲ್ಲ, ಬಹಳ ಜನಕ್ಕೆ ಇದರಿಂದ ಏನೂ ಆಗುವುದಿಲ್ಲ. ಆದರೆ ಬಾಯಿಯ ಒಳಗಿನ ತೆಳು ಪೊರೆಯನ್ನು ಕೆಣಕುತ್ತದೆ, ಪದೇ ಪದೇ ಹುಣ್ಣಾಗುವವರಿಗೆ ಅಷ್ಟು ಸಾಕು. ಹಲ್ಲುಜ್ಜಿದ ಕೂಡಲೇ ಹಣ್ಣಿನ ರಸ ಕಹಿ ಅನಿಸುತ್ತದಲ್ವಾ, ಅದೂ ಇದರದ್ದೇ ಕೆಲಸ.

ಇಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ. ಎಸ್‌ಎಲ್‌ಎಸ್ ಬೇಡ ಅಂತ 'ಪೂರ್ತಿ ನೈಸರ್ಗಿಕ' ಅಂತ ಬರೆದಿದ್ದ ಟ್ಯೂಬ್ ತಂದೆ. ಅದರಲ್ಲಿ ಫ್ಲೋರೈಡೇ ಇರಲಿಲ್ಲ, ಹಿಂಭಾಗ ಓದುವ ಅಭ್ಯಾಸ ಆಗ ನನಗಿರಲಿಲ್ಲ. ಎಂಟು ತಿಂಗಳಾದ ಮೇಲೆ ದವಡೆ ಹಲ್ಲಲ್ಲಿ ಹುಳುಕು ಶುರುವಾಗಿತ್ತು. ಪೇಸ್ಟೇ ಕಾರಣ ಅಂತ ಆಣೆ ಹಾಕಿ ಹೇಳಲಾರೆ. ಆದರೆ ಬ್ಯಾಕ್ಟೀರಿಯಾ ಉಗುಳುವ ಆಮ್ಲಕ್ಕೆ ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮೆಲ್‌ನಿಂದ ಖನಿಜ ಕರಗುತ್ತದೆ, ಅದನ್ನು ಮತ್ತೆ ಕೂರಿಸಲು ಫ್ಲೋರೈಡ್ ನೆರವಾಗುತ್ತದೆ, ಆ ನೆರವನ್ನು ನಾನೇ ಸುಮ್ನೆ ಕೈಬಿಟ್ಟಿದ್ದೆ.

ಈಗಿನದು ನೊರೆಯಿಲ್ಲದ್ದು, ಫ್ಲೋರೈಡ್ 1450 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 1450 ಭಾಗ. ಮೊದಲ ಎರಡು ವಾರ ಹಲ್ಲುಜ್ಜಿದ ಹಾಗೇ ಅನಿಸಲಿಲ್ಲ, ನೊರೆ ಬರಲಿ ಅಂತ ಎರಡರಷ್ಟು ಹಿಂಡಿ ಹಿಂಡಿ ಟ್ಯೂಬ್ ಬೇಗ ಖಾಲಿ ಮಾಡಿದೆ. ಕೊಳೆ ತೆಗೆಯುವುದು ಬ್ರಷ್, ನೊರೆಯಲ್ಲ ಅನ್ನೋದು ತಲೆಗೆ ಹೋಗಲು ಸಮಯ ಹಿಡಿಯಿತು. ಹುಣ್ಣು ಪೂರ್ತಿ ನಿಂತಿಲ್ಲ, ಆದರೆ ಈಗ ವರ್ಷಕ್ಕೆ ಎರಡೋ ಮೂರೋ. ಇದರಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಕೂಡ ಇದೆ, ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದು ಕಡಿಮೆಯಾಗಲು ಮೂರು ವಾರ ಬೇಕಾಯಿತು. ನಾಲ್ಕು ದಿನಕ್ಕೆ ಬೇಸತ್ತು ಬಿಡಬೇಡಿ.

ಮಕ್ಕಳಿರುವ ಮನೆಯವರು ಸ್ವಲ್ಪ ಗಮನ ಕೊಡಿ. ಹಲ್ಲು ಬೆಳೆಯುವ ವಯಸ್ಸಲ್ಲಿ ಫ್ಲೋರೈಡ್ ಜಾಸ್ತಿ ನುಂಗಿದರೆ ಹಲ್ಲಿನ ಮೇಲೆ ಬಿಳಿ ಕಲೆ ಬೀಳಬಹುದು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು ಸಾಕು. ದೊಡ್ಡವರು ಉಗಿದ ಮೇಲೆ ಗಳಗಳ ಬಾಯಿ ಮುಕ್ಕಳಿಸಬೇಡಿ, ಫ್ಲೋರೈಡೂ ತೊಳೆದುಹೋಗುತ್ತದೆ.

ಇದ್ದಿಲಿನ ಪೇಸ್ಟೂ ನಡುವೆ ಒಂದು ತಿಂಗಳು ನೋಡಿದೆ. ಕಲೆ ಹೋಗುವುದು ಉಜ್ಜಾಟದಿಂದ, ಉಜ್ಜಿದಷ್ಟೂ ಎನಾಮೆಲ್ ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ವಾಶ್‌ಬೇಸಿನ್ ಕಪ್ಪಾದದ್ದು ಬೇರೆ.

ಈಗಿನದರ ಬಗ್ಗೆ ದೂರೂ ಇದೆ. ಟೈಟಾನಿಯಂ ಡೈಆಕ್ಸೈಡ್ ಹಾಕಿದ್ದಾರೆ, ಪೇಸ್ಟ್ ಬೆಳ್ಳಗೆ ಕಾಣಲಿ ಅಂತಷ್ಟೇ, ಹಲ್ಲಿಗೆ ಅದರಿಂದ ಏನೂ ಇಲ್ಲ. ಯುರೋಪಿಯನ್ ಒಕ್ಕೂಟ 2022ರಲ್ಲಿ ತಿನ್ನುವ ಪದಾರ್ಥಗಳಲ್ಲಿ ಅದನ್ನು ನಿಷೇಧಿಸಿತು. ಪೇಸ್ಟ್ ಉಗಿಯುವ ವಸ್ತು, ಹಾಗಾಗಿ ನನಗೆ ಭಯವಿಲ್ಲ, ಕಿರಿಕಿರಿ ಇದೆ. ಇನ್ನು ಮುಚ್ಚಳ. ಟ್ಯೂಬ್ ಅರ್ಧ ಆಗುವಷ್ಟರಲ್ಲಿ ಅದರ ಬಾಯಲ್ಲಿ ಪೇಸ್ಟ್ ಗಟ್ಟಿಯಾಗಿ ಕೂರುತ್ತದೆ, ವಾರಕ್ಕೊಮ್ಮೆ ಕಡ್ಡಿ ಹಾಕಿ ಬಿಡಿಸಬೇಕು. ಐದಕ್ಕೆ ನಾಲ್ಕು ಅಂಕ, ಒಂದು ಹೋದದ್ದು ಆ ಮುಚ್ಚಳಕ್ಕೇ.