ಬೆಂಪ್ಟನ್, ಫಾರ್ನ್, ಸೇಂಟ್ ಆಬ್ಸ್: ಕಡಲಹಕ್ಕಿ ನೋಡೋಕೆ ಎಲ್ಲಿಗೆ ಹೋಗೋದು?

ಉತ್ತರ ಇಂಗ್ಲೆಂಡಲ್ಲಿರೋ ನಮ್ಮ ಕನ್ನಡದವರು ಮೇ ತಿಂಗಳು ಬಂತು ಅಂದ್ರೆ ಕೇಳೋದು ಒಂದೇ, ಪಫಿನ್ ಎಲ್ಲಿ ಕಾಣ್ಸುತ್ತೆ? ಆ ಬಣ್ಣದ ಕೊಕ್ಕಿನ ಗುಂಡು ಹಕ್ಕಿ ಫೋಟೊ ಎಲ್ರಿಗೂ ಬೇಕು. ನಾನು ಯಾರ್ಕ್‌ಶೈರ್‌ನ ಬೆಂಪ್ಟನ್ ಕ್ಲಿಫ್ಸ್, ನಾರ್ಥಂಬರ್ಲೆಂಡ್‌ನ ಫಾರ್ನ್ ದ್ವೀಪಗಳು, ಗಡಿ ದಾಟಿ ಸ್ವಲ್ಪ ದೂರ ಹೋದ್ರೆ ಸ್ಕಾಟ್ಲೆಂಡಲ್ಲಿ ಸಿಗೋ ಸೇಂಟ್ ಆಬ್ಸ್ ಹೆಡ್, ಮೂರನ್ನೂ ಮಕ್ಕಳನ್ನ ಕರ್ಕೊಂಡೂ ಸುತ್ತಿದೀನಿ, ಊರಿಂದ ಬಂದ ಅತ್ತೆ ಮಾವನ ಜೊತೆಗೂ ಸುತ್ತಿದೀನಿ, ಒಬ್ಬಳೇನೂ ಹೋಗಿದೀನಿ. ಪಫಿನ್ ಒಂದನ್ನೇ ತಲೇಲಿಟ್ಕೊಂಡು ಜಾಗ ಆರಿಸ್ಬೇಡಿ ಅನ್ನೋದೇ ನನ್ನ ಮಾತು, ಯಾಕೆ ಅಂತ ಹೇಳ್ತೀನಿ.

ಮೊದಲ ಸಲ ಹೋಗೋರಿಗೆ ನಾನು ಹೇಳೋದು ಬೆಂಪ್ಟನ್. ಸುಮಾರು 100 ಮೀಟರ್ ಎತ್ತರದ ಬಿಳಿ ಸುಣ್ಣಕಲ್ಲಿನ ಗೋಡೆ, ಸೀದಾ ಸಮುದ್ರಕ್ಕೆ ಇಳಿಯುತ್ತೆ, ಆ ಕಲ್ಲು ಪದರ ಪದರವಾಗಿ ಸವೆದು ಶೆಲ್ಫ್ ಥರ ಆಗಿರೋದ್ರಿಂದ ಹಕ್ಕಿಗಳಿಗೆ ಕೂರೋಕೆ ಹೇಳಿ ಮಾಡಿಸಿದ ಜಾಗ, ಸೀಸನ್‌ನಲ್ಲಿ ಸುಮಾರು ಐದು ಲಕ್ಷ ಹಕ್ಕಿ ಇರ್ತವೆ ಅಂತ ಜಾಗ ನೋಡ್ಕೊಳ್ಳೋ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿನೇ ಹೇಳುತ್ತೆ. ಕಾರ್ ನಿಲ್ಲಿಸಿ, ಕಾಫಿ ಕುಡಿದು, ಸ್ವಲ್ಪ ನಡೆದ್ರೆ ವ್ಯೂಪಾಯಿಂಟು. ಅತ್ತೆಗೆ ಮಂಡಿನೋವು, ಆದ್ರೂ ಹತ್ತಿರದ ಎರಡು ವ್ಯೂಪಾಯಿಂಟ್ ಆರಾಮಾಗಿ ನೋಡಿದ್ರು. ಆದ್ರೆ ಸ್ಟೇಪಲ್ ನ್ಯೂಕ್ ಅನ್ನೋ ಮೂಲೆವರೆಗೂ ಹೋಗೋಕಾದ್ರೆ ಹೋಗ್ಲೇಬೇಕು, ಗ್ಯಾನೆಟ್ ಅನ್ನೋ ದೊಡ್ಡ ಬಿಳಿ ಕಡಲಹಕ್ಕಿಗಳು ಅಲ್ಲಿ ತುಂಬಾ ಹತ್ತಿರ.

ಗ್ಯಾನೆಟ್ ಬಗ್ಗೆ ಇಲ್ಲಿ ಎರಡು ಮಾತು ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಜನ ಅದನ್ನ ಸೀಗಲ್ ಅಂದ್ಕೊಂಡು ಮುಂದೆ ಹೋಗ್ಬಿಡ್ತಾರೆ. ರೆಕ್ಕೆ ಬಿಚ್ಚಿದ್ರೆ ಹತ್ತಿರ ಹತ್ತಿರ 1.8 ಮೀಟರ್, ತಲೆಗೆ ಅರಿಶಿನ ಸವರಿದ ಹಾಗೆ ತೆಳು ಹಳದಿ, ಗಾಳಿ ಕ್ಲಿಫ್‌ಗೆ ಹೊಡೆದು ಮೇಲಕ್ಕೆ ಎದ್ದಾಗ ರೆಕ್ಕೆ ಬಡಿಯದೇ ನಿಮ್ಮ ಮುಖದ ಮಟ್ಟಕ್ಕೇ ತೇಲಿ ನಿಲ್ಲುತ್ತೆ, ಬೈನಾಕ್ಯುಲರ್ ಬೇಡ, ದೊಡ್ಡ ಲೆನ್ಸೂ ಬೇಡ, ಫೋನಲ್ಲೇ ಒಳ್ಳೆ ಫೋಟೊ ಬರುತ್ತೆ. ಇಂಗ್ಲೆಂಡಿನ ಮುಖ್ಯ ನೆಲದ ಮೇಲೆ ಗ್ಯಾನೆಟ್ ಕಾಲೊನಿ ಅಂತ ಇರೋದು ಇಲ್ಲೇ. 2022ರಲ್ಲಿ ಹಕ್ಕಿಜ್ವರ ಬಂದು ಈ ಕಡಲಲ್ಲಿ ತುಂಬಾ ಗ್ಯಾನೆಟ್ ಸತ್ವು, ಬದುಕುಳಿದ ಕೆಲವಕ್ಕೆ ತಿಳಿನೀಲಿ ಇದ್ದ ಕಣ್ಣು ಕಪ್ಪಾಗಿರೋದು ಎಡಿನ್‌ಬರಾ ಹತ್ತಿರದ ಬಾಸ್ ರಾಕ್ ಅನ್ನೋ ಬಂಡೆ ದ್ವೀಪದಲ್ಲಿ ಗೊತ್ತಾಯ್ತು, ಅದಾದ್ಮೇಲೆ ನಾನು ಎಲ್ಲಿ ಗ್ಯಾನೆಟ್ ನೋಡಿದ್ರೂ ಮೊದ್ಲು ಕಣ್ಣೇ ನೋಡೋದು. ಇನ್ನು 2021, 2022ರಲ್ಲಿ ದಕ್ಷಿಣ ಗೋಳದಿಂದ ದಾರಿ ತಪ್ಪಿ ಬಂದ ಒಂದು ಆಲ್ಬಟ್ರಾಸ್ (ಉದ್ದ ರೆಕ್ಕೆಯ ಭಾರಿ ಕಡಲಹಕ್ಕಿ) ಕೂಡ ಬೆಂಪ್ಟನ್‌ನ ಗ್ಯಾನೆಟ್‌ಗಳ ಮಧ್ಯೆ ಬಂದು ಕೂತಿತ್ತು, ಆಗ ಇಲ್ಲಿ ಜನವೋ ಜನ.

ಬೆಂಪ್ಟನ್‌ನಲ್ಲೂ ಪಫಿನ್ ಇದೆ, ಸುಳ್ಳಲ್ಲ. ಆದ್ರೆ ಇಲ್ಲಿ ಮಣ್ಣಲ್ಲಿ ಬಿಲ ತೋಡಲ್ಲ, ಬಂಡೆ ಸಂದಿನಲ್ಲಿ ಗೂಡು, ಹಾಗಾಗಿ ಎಲ್ಲೋ ಕೆಳಗೆ ಒಂದು ಕಿತ್ತಳೆ ಬಣ್ಣದ ಕಾಲು ಕಂಡ್ರೆ ಪುಣ್ಯ, ಮಕ್ಕಳು "ಎಲ್ಲಮ್ಮಾ, ಎಲ್ಲಿ?" ಅನ್ನೋ ಹೊತ್ತಿಗೆ ಒಳಗೆ ಹೋಗಿರುತ್ತೆ. ಪಫಿನ್ನೇ ಬೇಕು ಅನ್ನೋರು ಫಾರ್ನ್‌ಗೇ ಹೋಗ್ಬೇಕು.

ಫಾರ್ನ್ ಅಂದ್ರೆ ದೋಣಿ, ಸೀಹೌಸಸ್ ಬಂದರಿಂದ. ನಮ್ಮನೆಯವರು ದೋಣಿ ಅಂದ್ರೇನೇ ಮುಖ ಹಿಂಡ್ಕೋತಾರೆ. ದೋಣಿ ಟಿಕೆಟ್ ಬೇರೆ, ದ್ವೀಪ ನೋಡ್ಕೊಳ್ಳೋ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಅಲ್ಲಿ ಇಳಿಯೋ ದುಡ್ಡು ಬೇರೆ, ನಾಲ್ಕು ಜನ ಹೋದ್ರೆ ಜೇಬಿಗೆ ಚೆನ್ನಾಗೇ ಬೀಳುತ್ತೆ, ಮೇಲಿಂದ ಅಲೆ ಎದ್ರೆ ಟ್ರಿಪ್ಪೇ ಕ್ಯಾನ್ಸಲ್. ಬಿಸಿಲು ಚೆನ್ನಾಗಿದೆಯಲ್ಲಾ ಅಂದ್ಕೊಂಡ್ರೆ ಆಗಲ್ಲ, ಬಿಸಿಲಿದ್ರೂ ಉತ್ತರದ ಗಾಳಿ ಬೀಸ್ತಿದ್ರೆ ಇಳಿಸಲ್ಲ. ಹಕ್ಕಿಜ್ವರದಿಂದ ನಿಂತಿದ್ದ ಇಳಿಯೋ ವ್ಯವಸ್ಥೆ ಇನ್ನರ್ ಫಾರ್ನ್‌ನಲ್ಲಿ 2024ರಲ್ಲಿ ಮತ್ತೆ ಶುರುವಾಯ್ತು, ಬುಕ್ ಮಾಡುವಾಗ ಅದು ಬರೀ ಸುತ್ತು ಹೊಡೆಸೋ ದೋಣಿನೋ ಇಳಿಸೋ ದೋಣಿನೋ ಕೇಳಿ, ಎರಡಕ್ಕೂ ಅಜಗಜಾಂತರ.

ಇಳಿದ್ರೆ ಮಾತ್ರ ಅದರ ಮುಂದೆ ಯಾವ್ದೂ ಇಲ್ಲ. ಕಪ್ಪು ಬಂಡೆ ಮೇಲೆ ತೆಳ್ಳಗೆ ಮಣ್ಣು, ಆ ಮಣ್ಣೆಲ್ಲಾ ಪಫಿನ್ ಬಿಲ, ಬಾಯ್ತುಂಬ ಮೀನು ಕಚ್ಕೊಂಡು ಹಾರಿ ಬಂದು ಬಿಲಕ್ಕೆ ನುಗ್ಗೋದನ್ನ ಕೆಲವೇ ಅಡಿ ದೂರದಿಂದ ನೋಡ್ಬಹುದು. ದಾರಿ ಪಕ್ಕದಲ್ಲೇ ಐಡರ್ ಬಾತು ಮೊಟ್ಟೆಗೆ ಕಾವು ಕೊಡ್ತಾ ಕೂತಿರುತ್ತೆ, ಅಲುಗಾಡಲ್ಲ. ಆಮೇಲೆ ಆರ್ಕ್ಟಿಕ್ ಟರ್ನ್ ಅನ್ನೋ ಸಣ್ಣ ಕಡಲಹಕ್ಕಿ! ಮಾವನವರು ರಂಗನತಿಟ್ಟಲ್ಲಿ ರಿವರ್ ಟರ್ನ್ ಬಂಡೆ ಮೇಲೆ ಮರ್ಯಾದೆಯಿಂದ ಕೂತಿರೋದು ನೋಡಿದೋರು, ಇಲ್ಲಿನ ಟರ್ನ್ ನೆತ್ತಿಗೇ ಕುಕ್ಕಿದಾಗ "ಇವಕ್ಕೇನು ಬಂತಪ್ಪಾ ರೋಗ" ಅಂತ ಬೈದ್ರು. ಗೂಡು ದಾರಿ ಅಂಚಲ್ಲೇ ಇರುತ್ತೆ, ಅದಕ್ಕೇ ಆ ಸಿಟ್ಟು, ರಕ್ತ ಬರೋ ಹಾಗೂ ಕುಕ್ಕುತ್ತೆ, ಟೋಪಿ ಇಲ್ದೆ ಹೋಗ್ಲೇಬೇಡಿ, ಹಳೇ ಜಾಕೆಟ್ ಹಾಕ್ಕೊಳ್ಳಿ, ತಲೆ ಮೇಲೆ ಪಿಕ್ಕೆ ಬೀಳೋದು ಗ್ಯಾರಂಟಿ. ಆದ್ರೆ ಇಲ್ಲಿಂದ ಟ್ಯಾಗ್ ಹಾಕಿ ಬಿಟ್ಟ ಒಂದು ಹಕ್ಕಿ ಅಂಟಾರ್ಕ್ಟಿಕಾಗೆ ಹೋಗಿ ಬರೋಕೆ ಒಂದೇ ವರ್ಷದಲ್ಲಿ 96,000 ಕಿಲೋಮೀಟರ್ ಹಾರಿತ್ತು ಅಂತ ಗೊತ್ತಾದ್ಮೇಲೆ, ಕುಕ್ಕಿಸಿಕೊಂಡ್ರೂ ಕೋಪ ಬರಲ್ಲ, ಕನಿಷ್ಠ ನನಗೆ.

ಸೇಂಟ್ ಆಬ್ಸ್‌ಗೆ ಮಕ್ಕಳನ್ನ ಕರ್ಕೊಂಡು ಹೋದ್ರೆ ಮೊದಲ ಅರ್ಧ ಗಂಟೆ ಗೊಣಗ್ತಾರೆ. ಪಫಿನ್ ಇಲ್ಲ ಅಂತಲೇ ಅಂದ್ಕೊಳ್ಳಿ. ಕೆಫೆ ಪಕ್ಕದ ಕಾರ್ ಪಾರ್ಕಿಂದ ಲೈಟ್‌ಹೌಸ್‌ವರೆಗೂ ಏರಿಳಿತದ ನಡಿಗೆ, ಬೇಲಿ ಎಲ್ಲಾ ಕಡೆ ಇಲ್ಲ, ಚಿಕ್ಕ ಮಕ್ಕಳ ಕೈ ಬಿಡೋ ಹಾಗಿಲ್ಲ. ಅತ್ತೆ ಕಾರಲ್ಲೇ ಕೂರ್ತೀನಿ ಅಂದ್ರು. ಆದ್ರೆ ನಾನೊಬ್ಬಳೇ ಹೋಗೋದಾದ್ರೆ ಇಲ್ಲಿಗೇ. ಪ್ರವೇಶಕ್ಕೆ ದುಡ್ಡಿಲ್ಲ, ಪಾರ್ಕಿಂಗ್‌ಗೆ ಮಾತ್ರ, ಜನ ಕಡಿಮೆ, ಜ್ವಾಲಾಮುಖಿ ಕಲ್ಲಿನ ಕೆಂಪು ಕಂದು ಬಂಡೆಗಳು ನೀರಿಂದ ಎದ್ದು ನಿಂತಿವೆ, ಅವುಗಳ ತಲೆ ಮೇಲೆ ಗಿಲಿಮಾಟ್ ಅನ್ನೋ ಕಪ್ಪು ಬಿಳುಪು ಕಡಲಹಕ್ಕಿಗಳು ಒತ್ತೊತ್ತಾಗಿ ನಿಂತಿರ್ತವೆ. ಗಿಲಿಮಾಟ್ ಗೂಡು ಕಟ್ಟಲ್ಲ, ಬರೀ ಕಲ್ಲ ಮೇಲೆ ಒಂದೇ ಮೊಟ್ಟೆ. ಮರಿಗೆ ಮೂರು ವಾರ ಆಗೋದ್ರೊಳಗೆ, ಇನ್ನೂ ಹಾರೋಕೆ ಬರದಿದ್ರೂ, ಕೆಳಗೆ ನೀರಲ್ಲಿ ಅಪ್ಪ ಕೂಗ್ತಿರುತ್ತೆ, ಮರಿ ಮೇಲಿಂದ ಧುಮುಕುತ್ತೆ, ಅಪ್ಪನೇ ಅದನ್ನ ಕರ್ಕೊಂಡು ಸಮುದ್ರಕ್ಕೆ ಹೋಗುತ್ತೆ. ಜೂನ್ ಕೊನೆ, ಸಂಜೆ ಹೊತ್ತು ಹೋಗಿ ಕಾಯ್ಬೇಕು, ಸಿಕ್ಕಿದ್ರೆ ಸಿಕ್ತು. ಇದಕ್ಕೆ ಬೈನಾಕ್ಯುಲರ್ ಇರ್ಲೇಬೇಕು, ಬೆಂಪ್ಟನ್ ಥರ ಬರಿಗೈಲಿ ಹೋದ್ರೆ ಚುಕ್ಕೆಗಳಷ್ಟೇ ಕಾಣೋದು. ರೈಲಲ್ಲಿ ಬರೋರಿಗೆ 2022ರಲ್ಲಿ ರೆಸ್ಟನ್ ಸ್ಟೇಷನ್ ಓಪನ್ ಆಗಿದೆ, ಅಲ್ಲಿಂದ ಮುಂದಕ್ಕೆ ಬಸ್ಸೋ ಟ್ಯಾಕ್ಸಿನೋ ಮೊದ್ಲೇ ನೋಡ್ಕೊಳ್ಳಿ.

ವಾಸನೆ ಮೂರೂ ಕಡೆ ಇದೆ, ಹತ್ತು ನಿಮಿಷಕ್ಕೆ ಮೂಗು ಒಗ್ಗಿಕೊಳ್ಳುತ್ತೆ.

ತಿಂಗಳು ಮಾತ್ರ ಸರಿಯಾಗಿ ಆರಿಸ್ಕೊಳ್ಳಿ. ಸ್ಕೂಲ್ ರಜೆ ಅಂತ ಆಗಸ್ಟ್‌ಗೆ ಪ್ಲಾನ್ ಮಾಡೋರು ಫಾರ್ನ್, ಸೇಂಟ್ ಆಬ್ಸ್ ಎರಡನ್ನೂ ಮುಂದಿನ ವರ್ಷಕ್ಕೆ ಇಟ್ಕೊಳ್ಳಿ, ಅಷ್ಟೊತ್ತಿಗೆ ಪಫಿನ್ನೂ ಗಿಲಿಮಾಟೂ ಸಮುದ್ರ ಸೇರಿರ್ತವೆ, ಫಾರ್ನ್‌ನಲ್ಲಿ ಸೀಲ್ ನೋಡ್ಕೊಂಡು ಬರ್ಬೇಕಷ್ಟೇ. ಆಗ ಬೆಂಪ್ಟನ್‌ಗೇ ಹೋಗಿ, ಗ್ಯಾನೆಟ್ ಸೆಪ್ಟೆಂಬರ್‌ನಲ್ಲೂ ಇರ್ತವೆ, ಮೈಯೆಲ್ಲಾ ಕಪ್ಪಗಿರೋ ದೊಡ್ಡ ಮರಿಗಳೂ ಕಾಣ್ತವೆ.