ಸೈಫನ್ ಗನ್ನೋ ಪ್ರೆಶರ್ ಪಾಟೋ? ಮನೆಯ ಚಾಕು ಕಾರ್ಯಾಗಾರಕ್ಕೆ ಬ್ಲಾಸ್ಟಿಂಗ್

ಬ್ಲಾಸ್ಟಿಂಗ್ ಎಂದರೆ ಒತ್ತಡದ ಗಾಳಿಯಲ್ಲಿ ಸಣ್ಣ ಹರಳು ಹಾರಿಸಿ ಅಲಗಿನ ಮೈ ಹಸನು ಮಾಡುವುದು. ಸೈಫನ್ ಗನ್ ಗಾಳಿಯ ಎಳೆತದಿಂದ ಹರಳನ್ನು ಕೊಳವೆಯಲ್ಲಿ ಹೀರಿಕೊಳ್ಳುತ್ತದೆ, ಪ್ರೆಶರ್ ಪಾಟ್ ಮುಚ್ಚಿದ ಪಾತ್ರೆಯಿಂದ ಒತ್ತಡದಲ್ಲೇ ತಳ್ಳುತ್ತದೆ. ಎರಡನ್ನೂ ಒಂದೇ ಕಂಪ್ರೆಸರ್‌ಗೆ ಜೋಡಿಸಿ ಓಡಿಸಿ ನೋಡಿದರೆ ಮೊದಲು ಕೈಕೊಡುವುದು ಗನ್ನೂ ಅಲ್ಲ, ಪಾಟೂ ಅಲ್ಲ. ಗಾಳಿ. 80 ಪಿಎಸ್‌ಐ ಒತ್ತಡದಲ್ಲಿ 1/8 ಇಂಚಿನ ತೂತು ನಿಮಿಷಕ್ಕೆ ಸುಮಾರು 17 ಘನ ಅಡಿ ಗಾಳಿ ಕುಡಿಯುತ್ತದೆ. 3 ಎಚ್‌ಪಿ ಕಂಪ್ರೆಸರ್ ಕೊಡುವುದು 10ರ ಆಸುಪಾಸು. ಟ್ಯಾಂಕ್ ದೊಡ್ಡದಿದ್ದರೂ ಕಾಯುವ ಹೊತ್ತು ಸ್ವಲ್ಪ ಮುಂದೆ ಹೋಗುತ್ತದೆ, ಅಷ್ಟೇ.

ಪಾಟ್‌ನಲ್ಲಿ ಗಾಳಿಯೂ ಹರಳೂ ಒಂದೇ ನಾಝಲ್‌ನಿಂದ ಹೊರಬರುತ್ತವೆ. ನಾಝಲ್ ಸವೆದು 1/8 ಇದ್ದದ್ದು 3/16 ಆದರೆ ಗಾಳಿಯ ಬೇಡಿಕೆ ಎರಡೂಕಾಲು ಪಟ್ಟು. ಸೈಫನ್ ಗನ್‌ನಲ್ಲಿ ಗಾಳಿಯ ಅಳತೆ ಹಿಂದಿನ ಏರ್ ಜೆಟ್‌ನ (ಗಾಳಿ ಮಾತ್ರ ನುಗ್ಗುವ ಸಣ್ಣ ಕೊಳವೆ) ಕೈಯಲ್ಲಿದೆ. ಅದರಲ್ಲಿ ಹರಳು ಹಾಯುವುದೇ ಇಲ್ಲ, ಹಾಗಾಗಿ ಬೇಗ ಸವೆಯುವುದಿಲ್ಲ. ಮುಂದಿನ ನಾಝಲ್ ಜೆಟ್‌ನ ಸುಮಾರು ಎರಡರಷ್ಟು ಅಗಲವಿರಬೇಕು. ಅದು ತೀರಾ ಹಿಗ್ಗಿದರೆ ಎಳೆತ ಸೋಲುತ್ತದೆ. ಡ್ರಿಲ್ ಬಿಟ್‌ನ ಹಿಂತುದಿ ತೂರಿಸಿ ಆಗಾಗ ಅಳೆದುಕೊಳ್ಳಿ.

ವೇಗದಲ್ಲಿ ಪಾಟ್ ಮುಂದೆ, ಅನುಮಾನವಿಲ್ಲ. ಹದ ಮಾಡಿದ ಅಲಗಿನ ಮೇಲಿನ ಕಪ್ಪು ಪದರವನ್ನು ಸೈಫನ್ ತೆಗೆದುಕೊಳ್ಳುವ ಸಮಯದ ಮೂರನೇ ಒಂದು ಪಾಲಿನಲ್ಲಿ ಕಿತ್ತು ಹಾಕುತ್ತದೆ. ಆದರೆ ಗಾಳಿ ತುಂಬಲು ಕಾಯಬೇಕಾದ ಸಣ್ಣ ಕಂಪ್ರೆಸರ್‌ನಲ್ಲಿ ಆ ಲಾಭ ಅಲ್ಲಿಗಲ್ಲಿಗೆ ಕರಗುತ್ತದೆ. ಪಾಟ್‌ಗೆ ಹರಳು ತುಂಬುವ ಮುನ್ನ ಪ್ರತಿ ಸಲವೂ ಒತ್ತಡ ಪೂರ್ತಿ ಇಳಿಸಲೇಬೇಕು. ಇದರಲ್ಲಿ ಅವಸರ ಬೇಡವೇ ಬೇಡ. ತೇವಕ್ಕೂ ಪಾಟ್ ತೀರಾ ನಾಜೂಕು: ಹರಳು ಗಂಟುಕಟ್ಟಿ ಕೆಳಗಿನ ವಾಲ್ವ್ ಕಟ್ಟಿಕೊಳ್ಳುತ್ತದೆ. ವಾಟರ್ ಟ್ರ್ಯಾಪನ್ನು ಕಂಪ್ರೆಸರ್ ಪಕ್ಕದಲ್ಲೇ ಹಾಕಿದರೆ ಬಿಸಿ ಗಾಳಿಯಲ್ಲಿನ ಆವಿ ಹಾಗೇ ದಾಟಿ ಹೋಗುತ್ತದೆ. ಗಾಳಿ ತಣ್ಣಗಾದ ಮೇಲೆ, ಅಂದರೆ ಪೈಪಿನ ಆಚೆ ತುದಿಯಲ್ಲಿ ಹಾಕಿ.

ಸೈಫನ್‌ನ ಸಾಮಾನ್ಯ ಕಾಯಿಲೆ ಬಿಟ್ಟು ಬಿಟ್ಟು ಬರುವುದು. ಬಹುತೇಕ ಸಲ ಹೀರುಕೊಳವೆಯ ಗಾಳಿತೂತು ಹರಳಿನಲ್ಲಿ ಹೂತುಹೋಗಿರುತ್ತದೆ. ಕೈಗವಸು ತೊಟ್ಟ ಬೆರಳಿನಿಂದ ನಾಝಲ್ ಮುಚ್ಚಿ ಟ್ರಿಗರ್ ಅರೆಕ್ಷಣ ಒತ್ತಿದರೆ ಗಾಳಿ ಹಿಂದಕ್ಕೆ ನುಗ್ಗಿ ಹೋಸ್ ಬಿಡಿಸಿಕೊಳ್ಳುತ್ತದೆ.

ಹರಳಿನ ಆಯ್ಕೆ ಇಷ್ಟೇ ಮುಖ್ಯ. 120 ಗ್ರಿಟ್ ಅಲ್ಯೂಮಿನಿಯಂ ಆಕ್ಸೈಡ್ ಕೊರೆಯುತ್ತದೆ, ಮಂಕು ಬೂದು ಬಣ್ಣ ಕೊಡುತ್ತದೆ. ಅದು ಬಿಡುವ ಸಣ್ಣ ಗುಂಡಿಗಳಲ್ಲಿ ತೇವ ನಿಲ್ಲುವುದರಿಂದ ಸ್ಟೇನ್‌ಲೆಸ್ ಕೂಡ ತುಕ್ಕಿಗೆ ಬೇಗ ಬಲಿ. ಗ್ಲಾಸ್ ಬೀಡ್ ಕೊರೆಯುವುದಿಲ್ಲ, ಬಡಿಯುತ್ತದೆ: ಹೊಳಪಿನ ಸ್ಯಾಟಿನ್ ಮೈ, ಆದರೆ ಕಪ್ಪು ಪದರದ ಮುಂದೆ ಬಲು ನಿಧಾನ. 40–60 ಪಿಎಸ್‌ಐ ಸಾಕು, ಮೇಲೆ ಹೋದರೆ ಮಣಿಗಳೇ ಒಡೆದು ಪುಡಿಯಾಗುತ್ತವೆ. ತೆಳು ಅಲಗಿಗೆ ಒಂದೇ ಬದಿಯಿಂದ ಬಡಿದರೆ ಆ ಬದಿ ಉಬ್ಬಿ ಅಲಗೇ ಬಾಗುತ್ತದೆ. ಎರಡೂ ಬದಿಗೆ ಸರದಿಯಂತೆ, 15 ಸೆಂ.ಮೀ. ದೂರದಿಂದ ಹೊಡೆಯಿರಿ. ಕಾರ್ಬನ್ ಸ್ಟೀಲ್ ಕಂಡ ಹರಳನ್ನು ಸ್ಟೇನ್‌ಲೆಸ್‌ಗೆ ಹಾಕಬೇಡಿ, ಕಬ್ಬಿಣದ ಪುಡಿ ಅಂಟಿ ಚುಕ್ಕೆ ಚುಕ್ಕೆ ತುಕ್ಕು ಏಳುತ್ತದೆ. ನದಿಮರಳಂತೂ ಬೇಡವೇ ಬೇಡ: ಸಿಲಿಕಾ ದೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ, ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲ. ಮಿಕ್ಕ ಹರಳುಗಳಿಗೂ ನುಣ್ಣನೆ ದೂಳನ್ನು ತಡೆಯುವ ಪಿ100 ಮಾಸ್ಕ್, ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬೇಕು.

5 ಎಚ್‌ಪಿಗಿಂತ ಸಣ್ಣ ಕಂಪ್ರೆಸರ್ ಇದ್ದವರಿಗೆ ನಮ್ಮ ಮತ ಸೈಫನ್ ಕ್ಯಾಬಿನೆಟ್‌ಗೆ (ಮುಚ್ಚಿದ ಪೆಟ್ಟಿಗೆಯೊಳಗೇ ಹೊಡೆಯುವ ಸೈಫನ್ ಗನ್), ಜೆಟ್ 3/32 ಇಂಚು. ಮಡಚುವ ಚಾಕುವಾದರೆ ಅಲಗು ತಿರುಗುವ ಪಿವಟ್ ತೂತು, ಲಾಕ್ ಕೂರುವ ಮುಖಕ್ಕೆ ವಿನೈಲ್ ಟೇಪ್ ಸುತ್ತಿ, ಕಾಗದದ ಟೇಪ್ ತಡೆಯುವುದಿಲ್ಲ. ಸಾಣೆ ಹಿಡಿಯುವುದು ಬ್ಲಾಸ್ಟ್ ಆದ ಮೇಲೆ. ಹೊರತೆಗೆದ ಅಲಗನ್ನು ಬರಿಗೈಲಿ ಮುಟ್ಟದೆ ಕೂಡಲೇ ಎಣ್ಣೆ ಸವರಿ. ಬೆವರಿನ ಬೆರಳಚ್ಚು ಮರುದಿನವೇ ಕಂದು ಬಣ್ಣದಲ್ಲಿ ಮೂಡಿ ನಿಂತಿರುತ್ತದೆ.